ಮರ್ಯಾದಸ್ಥ ಕಾಯಿಲೆ

ಗದಗಿನ ಹೈಸ್ಕೂಲಿನಲ್ಲಿ ಎಂಟು ವರ್ಷ ಗಣಿತ ಕಲಿಸಿದ್ದ ಚಂದ್ರಿಕಾ, ಗ್ಯಾಸ್ ಕಂಪನಿಯಲ್ಲಿ ಫೋರ್‌ಮನ್ ಆಗಿದ್ದ ಗಂಡ ಶಿವಕುಮಾರನ ಹಿಂದೆ ೨೦೦೧ರಲ್ಲಿ ಕತಾರಿಗೆ ಬಂದರು. ದೋಹಾ ಅಲ್ ಜದೀದಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಊಟದ ಮೇಜೇ ಅವರ ಶಾಲೆಯಾಯಿತು. ಟ್ಯೂಷನ್ನಿನ ಮಕ್ಕಳೆಂದರೆ ಅವರಿಗೆ ಜೀವ. ಆ ಮಕ್ಕಳನ್ನು ಕಾರಿನಿಂದ ಇಳಿಸಿ ಹೋಗುವ ಅಪ್ಪ ಅಮ್ಮಂದಿರನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು. ಪಿಯುಸಿಯಲ್ಲಿ ಮೂರು ಸಲ ಡುಮ್ಕಿ ಹೊಡೆದು ಬಂದವರು, ತೊಂಬತ್ತಾರು ತಂದ ಮಗುವಿಗೆ ಉಳಿದ ನಾಲ್ಕು ಎಲ್ಲಿ ಹೋಯಿತು ಎಂದು ಗದರುತ್ತಿದ್ದರು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಪರ್ಸೆಂಟೇಜ್ ವಿಚಾರಿಸುತ್ತಿದ್ದರು.

ಇವರಲ್ಲೆಲ್ಲ ಎತ್ತಿದ ಕೈ ಡಿ. ಸಾಲಿಯಾನ್. ಉಡುಪಿ ಕಡೆಯ ದುಗ್ಗಪ್ಪ, ಎಸಿ ಬಿಡಿಭಾಗಗಳ ಅಂಗಡಿ ಇಟ್ಟು ಅಲ್ ಗರಾಫಾದ ವಿಲ್ಲಾ ಸೇರಿದ ಮೇಲೆ, ಹೆತ್ತವರು ಇಟ್ಟ ಹೆಸರನ್ನು ಒಂದೇ ಅಕ್ಷರಕ್ಕೆ ಕತ್ತರಿಸಿಕೊಂಡಿದ್ದ. ಮಗಳು ಗ್ರೀಷ್ಮಾ ೨೦೦೭ರಲ್ಲಿ ಹತ್ತನೆಯ ತರಗತಿ. ಅವಳು ಡಾಕ್ಟರಾಗಬೇಕೆಂದು ತೊಟ್ಟಿಲಲ್ಲೇ ತೀರ್ಮಾನವಾಗಿತ್ತು.

ನವೆಂಬರಿನ ಒಂದು ಸಂಜೆ ಚಂದ್ರಿಕಾರ ಮೇಜಿನಲ್ಲಿ ಗ್ರೀಷ್ಮಾ ಬಲಗೈಯಲ್ಲಿ ಲೆಕ್ಕ ಬಿಡಿಸುತ್ತಿದ್ದಳು. ಎಡಗೈ ಹೇರ್‌ಬ್ಯಾಂಡಿನ ಅಡಿಗೆ ಹೋಗಿ ಒಂದೊಂದೇ ಕೂದಲು ಕೀಳುತ್ತಿತ್ತು. ಚಂದ್ರಿಕಾ ಬ್ಯಾಂಡು ಸರಿಸಿ ನೋಡಿದರು. ಅಂಗೈಯಗಲ ನೆತ್ತಿ ಬೋಳಾಗಿತ್ತು.

"ಯಾವಾಗಿಂದವಾ ಇದು?"

"ಗೊತ್ತಿಲ್ಲ ಆಂಟಿ. ಕೈ ತಾನೇ ಹೋಗ್ತದೆ. ಕಿತ್ತರೆ ಸ್ವಲ್ಪ ರಿಲೀಫ್ ಆಗ್ತದೆ. ಪಪ್ಪನಿಗೆ ಹೇಳ್ಬೇಡಿ."

ಹೇಳದೆ ಇರಲಾಗಲಿಲ್ಲ. ಕರೆದೊಯ್ಯಲು ಬಂದ ಸಾಲಿಯಾನನನ್ನು ಮೇಲೆ ಕರೆಸಿ ಕೂರಿಸಿದರು.

"ಮಗಳ ತಲಿ ನೋಡೀರೇನ್ರಿ?"

"ಅದೆಂತ ಮೇಡಂ, ಇಲ್ಲಿಯ ನೀರಿಗೆ ಎಲ್ಲರ ಕೂದಲೂ ಉದುರ್ತದೆ. ಊರಿಂದ ಎಣ್ಣೆ ತರಿಸಿದ್ದೇನೆ."

"ಉದುರಿಲ್ಲ, ಕಿತ್ಕೊಳ್ಳಾಕತ್ತಾಳ. ಮನಸ್ಸಿನ ಡಾಕ್ಟರಿಗೆ ತೋರಸ್ರಿ."

ಸಾಲಿಯಾನ್ ಎದ್ದು ನಿಂತ. "ನನ್ನ ಮಗಳಿಗೆ ಹುಚ್ಚು ಅಂತೀರಾ? ಸಂಘದಲ್ಲಿ ಗೊತ್ತಾದರೆ ಮರ್ಯಾದೆ ಎಂತ ಉಳೀತದೆ? ಖಲಾಸ್. ನಾಳೆಯಿಂದ ಅವಳು ಬರುದಿಲ್ಲ."

ಮಗಳ ನೆತ್ತಿ ಅವನಿಗೆ ಕಾಣಲೇ ಇಲ್ಲ. ಒಬ್ಬರ ಬದಲು ಇಬ್ಬರು ಟ್ಯೂಟರುಗಳನ್ನು ಇಟ್ಟ. ಚಂದ್ರಿಕಾ ಮಕ್ಕಳ ತಲೆ ಕೆಡಿಸುತ್ತಾರೆಂದು ಸುದ್ದಿ ಹಬ್ಬಿಸಿದ. ಹನ್ನೊಂದು ಮಕ್ಕಳಿದ್ದಲ್ಲಿ ನಾಲ್ವರು ಉಳಿದರು.

"ನಿನಗ ಬೇಕಿತ್ತೇನು ಇದು?" ಎಂದ ಶಿವಕುಮಾರ.

"ಬೇಕಿತ್ತು," ಎಂದರು ಚಂದ್ರಿಕಾ. ಗದಗಿನಲ್ಲಿ ಕಡಿಮೆ ಅಂಕದವರನ್ನು ಬೆಂಚಿನ ಮೇಲೆ ನಿಲ್ಲಿಸಿ, ಎಲ್ಲರೆದುರು ಅಂಕ ಓದಿ ಹೇಳುತ್ತಿದ್ದದ್ದು ತಾವೇ. ಅದು ನೆನಪಾಗಿ ತಮ್ಮ ಮೇಲೂ ಹೇಸಿಗೆ ಹುಟ್ಟಿತು.

ಜನವರಿಯ ಪ್ರಿಪರೇಟರಿ ಪರೀಕ್ಷೆಯಲ್ಲಿ ಗ್ರೀಷ್ಮಾ ಮೂರು ಗಂಟೆ ಕೂತು ತನ್ನ ರೋಲ್ ನಂಬರನ್ನೇ ಪುಟದ ತುಂಬ ಬರೆದಳು. ಬೆಲ್ಲಾದರೂ ಏಳಲಿಲ್ಲ. ಅಲ್ಲಿಂದಲೇ ಕರೆದೊಯ್ದ ಆಸ್ಪತ್ರೆಯ ಡಾಕ್ಟರು ಹೇಳಿದ್ದು ಚಂದ್ರಿಕಾ ಹೇಳಿದ್ದನ್ನೇ. ಸಾಲಿಯಾನ್ ಊರಿಗೆಲ್ಲ ಹೇಳಿದ್ದು ಟೈಫಾಯ್ಡ್ ಎಂದು. ಅದು ಮರ್ಯಾದಸ್ಥ ಕಾಯಿಲೆ, ಜನ ಹಣ್ಣು ಹಿಡಿದು ನೋಡಲು ಬರಬಹುದು. ಬಂದರು ಕೂಡ. ಸೇಬಿನ ಚೀಲ ಇಟ್ಟು, ಬೋರ್ಡ್ ಪರೀಕ್ಷೆಗೆ ಎಷ್ಟು ಚಾಪ್ಟರ್ ಬಾಕಿ ಇದೆ ಎಂದು ಕೇಳಿ ಹೋದರು.

ಚಂದ್ರಿಕಾ ಕರೆಯದೆಯೇ ಹೋದರು. ಬಾಗಿಲು ತೆರೆದ ಗ್ರೀಷ್ಮಾಳ ತಾಯಿ ಕೈ ಹಿಡಿದು ಅತ್ತರು. "ಈ ವರ್ಷ ಪರೀಕ್ಷೆ ಬೇಡ ಅಂತ ಇವರಿಗೆ ಹೇಳಿದ್ದೇನೆ ಮೇಡಂ. ಮದುವೆಯಾಗಿ ಇಷ್ಟು ವರ್ಷದಲ್ಲಿ ಮೊದಲ ಸಲ ಎದುರು ಮಾತಾಡಿದ್ದು."

ಡಾಕ್ಟರ ಮದ್ದು ನಡೆಯಿತು. ಪ್ರತಿ ಶುಕ್ರವಾರ ಚಂದ್ರಿಕಾ ಪುಸ್ತಕವಿಲ್ಲದೆ ಹೋಗಿ ಗ್ರೀಷ್ಮಾಗೆ ಜೋಳದ ರೊಟ್ಟಿ ಬಡಿಯಲು ಕಲಿಸಿದರು. ಎರಡೂ ಕೈಗೆ ಹಿಟ್ಟು ಮೆತ್ತಿದ ಹುಡುಗಿ ಹರಿದ ರೊಟ್ಟಿ ನೋಡಿ ನಕ್ಕಳು. ಮಳೆಗಾಲದ ಹೊತ್ತಿಗೆ, ಅಂದರೆ ಊರಿನ ಮಳೆಗಾಲ, ನೆತ್ತಿಯಲ್ಲಿ ಕೂದಲು ಚಿಗುರಿತು.

ಮುಂದಿನ ವರ್ಷದ ಫಲಿತಾಂಶ ಅವಳೇ ಫೋನ್ ಮಾಡಿ ಹೇಳಿದಳು. "ಆಂಟಿ, ಅರವತ್ತೆಂಟು! ಕಾಮರ್ಸ್ ತಗೊಳ್ತೇನೆ." ಅಪ್ಪನೇನೋ ಲಡ್ಡು ಹಂಚಲಿಲ್ಲ.

ಅದೇ ತಿಂಗಳು ಸಂಘದ ಪ್ರತಿಭಾ ಪುರಸ್ಕಾರ. ತೊಂಬತ್ತು ದಾಟಿದವರಿಗೆ ಶಾಲು ಹೊದಿಸುವ ದಾನಿಯಾಗಿ ಡಿ. ಸಾಲಿಯಾನ್ ವೇದಿಕೆ ಮೇಲಿದ್ದ. ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆಯೂ ನಾಲ್ಕು ಮಾತಾಡಿದ. ಕೊನೆಯ ಸಾಲಿನಲ್ಲಿ ಚಂದ್ರಿಕಾ ಕೈಕಟ್ಟಿ ಕೂತಿದ್ದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅವರು ತಟ್ಟಲಿಲ್ಲ.