ಹನ್ನೆರಡು ಅಳಿಸಿ ಮೂರು

ಸ್ಫಾಕ್ಸ್ ಊರಿನ ನಗರ ಗ್ರಂಥಾಲಯದಲ್ಲಿ ಪತ್ರಿಕೆಗಳ ಆಯುಸ್ಸು ಬರೆಯುವವಳು ನೆಜಿಯಾ. ಬರುವ ಒಂದೊಂದು ಪತ್ರಿಕೆಗೂ ಒಂದು ಕಾರ್ಡು. ಎಷ್ಟು ಸಂಚಿಕೆ ಇಟ್ಟುಕೊಳ್ಳಬೇಕು ಎಂಬುದು ಅದರ ಕೊನೆಯ ಸಾಲಿನಲ್ಲಿರುತ್ತದೆ: ‘ಈ ವಾರದ್ದು ಮಾತ್ರ’, ‘ಕೊನೆಯ ಹನ್ನೆರಡು ಸಂಚಿಕೆ’, ‘ಶಾಶ್ವತ’. ಹೋಗುವುದಕ್ಕೆ ಪೆನ್ಸಿಲ್ಲು, ಉಳಿಯುವುದಕ್ಕೆ ಮಸಿ. ಅಲ್ಲಿಯ ಪದ್ಧತಿ ಅದು. ಹೊಸ ಸಂಚಿಕೆ ಗೂಡು ಸೇರಿದ ದಿನವೇ ಅವಧಿ ಮುಗಿದದ್ದನ್ನು ಅವಳು ಹೊರಗೆಳೆಯುತ್ತಿದ್ದಳು. ಮುಖಪುಟದಲ್ಲಿ ಮುದ್ರೆ ಬಿದ್ದ ಮೂಲೆಯನ್ನಷ್ಟೇ ಕತ್ತರಿಸಿ ಡಬ್ಬಿಗೆ ಹಾಕಿ, ಉಳಿದದ್ದನ್ನು ಗೇಟಿನ ಬಳಿ ಹುರಿದ ಬೀಜ ಮಾರುವ ಹಮ್ಮಾದಿಗೆ ಪೊಟ್ಟಣ ಕಟ್ಟಲು ಕೊಡುತ್ತಿದ್ದಳು. ಹತ್ತೊಂಬತ್ತು ವರ್ಷ ಅವಳ ಕತ್ತರಿಗೆ ಎದುರಾಡಿದವರಿಲ್ಲ.

ಅವಳ ನೌಕರಿಯೂ ಪೆನ್ಸಿಲಿನದೇ. ಪ್ರತಿ ಜುಲೈಯಲ್ಲಿ ಗ್ರಂಥಪಾಲಕ ಸೀ ತೌಫಿಕ್, ಎಂದರೆ ತೌಫಿಕ್ ಸಾಹೇಬರು, ಸಹಿ ಹಾಕಿದರೆ ಇನ್ನೊಂದು ವರ್ಷ, ಇಲ್ಲವಾದರೆ ಮನೆ.

ಅಂಥ ಕಡೆಗೆ ರಾಜಧಾನಿ ತ್ಯೂನಿಸ್‌ನಲ್ಲಿ ಓದಿ ಬಂದ ಸಿಹೆಮ್ ಎಂಬ ಇಪ್ಪತ್ನಾಲ್ಕರ ಹುಡುಗಿ, ಬಂದ ದಿನವೇ ಕಾಯಂ ಆಗಿ ಕುಳಿತಳು. ಅವಳಿಗೆ ಕೊಟ್ಟದ್ದು ರಟ್ಟು ಹಾಕಿಸಿದ ಸಂಪುಟಗಳ ಕೋಣೆ. ಅಲ್ಲಿ ಎಲ್ಲವೂ ಶಾಶ್ವತ, ಎಲ್ಲವೂ ಮಸಿ. ಸುತ್ತಿ ಬಳಸಿ ಹೇಳುವುದೇನು, ನೆಜಿಯಾಳಿಗೆ ಹೊಟ್ಟೆಕಿಚ್ಚು. ಹುಡುಗಿಯ ಕೋಣೆಯ ಕಿಟಕಿ ಕಂಡರೂ ಕಿಚ್ಚು, ಅವಳು ಚೆನ್ನಾಗಿ ನಕ್ಕರೂ ಕಿಚ್ಚು. ಅವಳು ಎದ್ದು ನಿಂತು ‘ಅಕ್ಕ’ ಎಂದು ಕರೆದರಂತೂ ಮೈಯೆಲ್ಲ ಉರಿ.

ನಿವೃತ್ತ ಮೇಷ್ಟ್ರು ಸೀ ಲಝಾರ್‌ಗಾಗಿ ನೆಜಿಯಾ ಹೊಸ ವಾರಪತ್ರಿಕೆಯನ್ನು ಮೇಜಿನ ಕೆಳಗೆ ಬಚ್ಚಿಟ್ಟು ಕೊಡುತ್ತಿದ್ದಳು. ಈಗ ಅವರೂ ಸಿಹೆಮ್‌ಳ ಕೋಣೆ ಸೇರಿಕೊಂಡಿದ್ದರು.

“ಏನು ಸೀ ಲಝಾರ್, ಈ ಕಡೆ ದಾರಿ ಮರ್ತೇ ಹೋಯ್ತಾ?”

“ಕಣ್ಣು ಮಂಜು ಕಣಮ್ಮ. ಆ ಹುಡುಗಿ ಓದಿ ಹೇಳ್ತಾಳೆ.”

“ನಂಗೂ ಓದೋಕೆ ಬರುತ್ತೆ. ಯಾವತ್ತಾದ್ರೂ ಕೇಳಿದ್ರಾ?”

ಮುದುಕ ಮಾತು ಬದಲಿಸಿದ. “ಅದಿರ್ಲಿ, ಫೆಬ್ರವರಿ ಮಾಸಪತ್ರಿಕೇಲಿ ಅವಳ ಲೇಖನ ಬಂದಿದೆಯಲ್ಲ, ನೋಡಿದ್ಯಾ? ಅದ್ರಲ್ಲಿ ನಿನ್ನ—”

“ನೋಡೋಕೆ ಪುರುಸೊತ್ತಿಲ್ಲ,” ಎಂದು ಅವಳು ಬಾಯಿ ಮುಚ್ಚಿಸಿದಳು.

ಊರೆಲ್ಲ ಆ ಲೇಖನ ಓದಿತು. ‘ನಮ್ಮ ಓದುವ ಕೋಣೆ’ ಎಂದು ತಲೆಬರಹ, ಪಕ್ಕದಲ್ಲಿ ಸಿಹೆಮ್‌ಳ ಚಿತ್ರ. ನೆಜಿಯಾ ಆ ಸಂಚಿಕೆಯನ್ನು ದಿನವೂ ಒರೆಸಿ ಗೂಡಿಗಿಟ್ಟಳು, ತೆರೆಯಲಿಲ್ಲ. ಕಾರ್ಡಿನ ಪ್ರಕಾರ ಅದು ಮುಂದಿನ ಫೆಬ್ರವರಿಯವರೆಗೆ ಅಲ್ಲೇ ಇರಬೇಕು. ಅಷ್ಟು ದಿನ ಅವಳಿಂದ ಆಗಲಿಲ್ಲ. ಮೇ ಸಂಚಿಕೆ ಬಂದ ಬೆಳಿಗ್ಗೆ ರಬ್ಬರು ತೆಗೆದು ‘ಹನ್ನೆರಡು’ ಅಳಿಸಿ ‘ಮೂರು’ ಎಂದು ಬರೆದಳು. ಫೆಬ್ರವರಿಯ ಜೊತೆಗೆ ಯಾವ ತಪ್ಪೂ ಮಾಡದ ಎಂಟು ಹಳೆಯ ಸಂಚಿಕೆಗಳೂ ಹಮ್ಮಾದಿಯ ಗಾಡಿ ಸೇರಿದವು. ಅಂದು ಮಧ್ಯಾಹ್ನ ಹರೀಸಾ ಮೆಣಸಿನ ಚಟ್ನಿ ಹಚ್ಚಿದ ರೊಟ್ಟಿ ಅವಳಿಗೆ ಬಹಳ ರುಚಿಯೆನಿಸಿತು.

ಜೂನ್ ಕೊನೆಯಲ್ಲಿ ಸೀ ತೌಫಿಕ್ ಅವಳ ಮೇಜಿಗೆ ಬಂದರು. ಹಿಂದೆ ಸಿಹೆಮ್.

“ನೆಜಿಯಾ, ಗುರುವಾರ ತ್ಯೂನಿಸ್‌ನಿಂದ ತಪಾಸಣೆಗೆ ಬರ್ತಾರೆ. ನಮ್ಮ ಹುಡುಗಿ ಬರೆದದ್ದನ್ನ ನೋಡ್ಬೇಕಂತೆ. ಆ ಫೆಬ್ರವರಿ ಸಂಚಿಕೆ ಕೊಡಿ.”

“ಅದು ಹೋಯ್ತಲ್ಲ ಸೀ ತೌಫಿಕ್. ಅವಧಿ ಮುಗೀತು.”

“ಇಷ್ಟು ಬೇಗ?” ಅವರು ಕಾರ್ಡು ಎತ್ತಿ ಬೆಳಕಿಗೆ ಹಿಡಿದರು. ಉಜ್ಜಿದ ಜಾಗದಲ್ಲಿ ಕಾಗದ ತೆಳ್ಳಗಾಗಿತ್ತು. “ಇಲ್ಲಿ ಹನ್ನೆರಡು ಇತ್ತು. ನಾನೇ ಒಪ್ಪಿದ್ದು. ಯಾರು ತಿದ್ದಿದ್ದು?”

ಜುಲೈಗೆ ಇನ್ನು ಐದೇ ದಿನ. ನೆಜಿಯಾ ರಬ್ಬರನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

“ನಾನೇ ತಿದ್ದೋಕೆ ಹೇಳಿದ್ದು,” ಎಂದಳು ಸಿಹೆಮ್. “ಗೂಡಲ್ಲಿ ಜಾಗ ಸಾಲ್ತಿರ್ಲಿಲ್ಲ. ನಿಮ್ಮನ್ನ ಕೇಳ್ಬೇಕಿತ್ತು, ತಪ್ಪಾಯ್ತು.”

ಸೀ ತೌಫಿಕ್ ನಕ್ಕೇಬಿಟ್ಟರು. “ನಿನ್ನ ಲೇಖನಾನ ನೀನೇ ಎಸೆಸಿದ್ಯಾ? ಒಳ್ಳೆ ಹುಡುಗಿ ನೀನು.”

“ನನ್ನ ಹತ್ರ ಒಂದು ಪ್ರತಿ ಇದೆ, ಅದನ್ನೇ ಕೊಡ್ತೀನಿ.”

“ಹಾಗಾದ್ರೆ ನೆಜಿಯಾ, ಅದಕ್ಕೆ ಬೇರೆ ಕಾರ್ಡು ಮಾಡಿ. ಶಾಶ್ವತ ಅಂತ ಬರೀರಿ.”

ಅವರು ಹೋದರು. ತಾನು ಮಾಡಿದ ತಪ್ಪಿಗೂ ಶಾಬಾಸ್‌ಗಿರಿ ಸಿಕ್ಕಿದ್ದು ಅವಳಿಗೇ ಎಂದು ನೆಜಿಯಾ ಕುದಿದಳು. ಬೈಸಿಕೊಂಡು ಕೆಲಸ ಕಳೆದುಕೊಂಡಿದ್ದರೇ ವಾಸಿಯಿತ್ತು ಎಂದೂ ಒಂದು ಗಳಿಗೆ ಅನಿಸಿತು. ಸಿಹೆಮ್ ತನ್ನ ಪ್ರತಿ ತಂದು ಮೇಜಿನ ಮೇಲಿಟ್ಟಳು.

“ಯಾಕೆ ಸುಳ್ಳು ಹೇಳ್ದೆ?” ಎಂದು ನೆಜಿಯಾ ಗದರಿದಳು.

“ನೀವಿಲ್ದಿದ್ರೆ ಈ ಗೂಡುಗಳನ್ನ ಯಾರು ನೋಡ್ಕೊಳ್ತಾರೆ ಅಕ್ಕ?” ಎಂದು ಹುಡುಗಿ ತನ್ನ ಕೋಣೆಗೆ ಹೋದಳು.

ನೆಜಿಯಾ ಕಾರ್ಡು ತೆಗೆದಳು, ಮಸಿಯ ಪೆನ್ನು ತೆಗೆದಳು. ಪುಟಸಂಖ್ಯೆ ಬರೆಯಲೆಂದು ಲೇಖನ ತೆರೆಯಲೇಬೇಕಾಯಿತು. ಕಣ್ಣು ಮೊದಲ ಸಾಲುಗಳ ಮೇಲೆ ಬಿತ್ತು: ‘ಯಾವ ಸಂಚಿಕೆ ಯಾವ ದಿನ ಬಂತು, ಯಾವ ದಿನ ಹೋಯಿತು ಎಂಬುದೆಲ್ಲ ಇಲ್ಲಿ ನೆಜಿಯಾ ಅಕ್ಕನ ತಲೆಯಲ್ಲಿದೆ. ನಾಲ್ಕು ವರ್ಷ ಓದಿದ ನನಗೆ ಅದರ ಕಾಲು ಪಾಲೂ ಬಾರದು. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.’

ಅವಳು ಎರಡು ಸಲ ಓದಿದಳು. ಇಷ್ಟು ದಿನ ತಾನು ಬಾಯಿಬಿಡದೆ ಒಳಗೇ ಸುಟ್ಟುಕೊಂಡದ್ದನ್ನು ಆ ಹುಡುಗಿ ಸಲೀಸಾಗಿ ಬರೆದು, ಅಚ್ಚು ಹಾಕಿಸಿ, ಕೆಳಗೆ ಹೆಸರನ್ನೂ ಹಾಕಿಕೊಂಡಿದ್ದಳು. ಹೊಟ್ಟೆಕಿಚ್ಚಿನಲ್ಲೂ ಅವಳೇ ಮೊದಲು. ನೆಜಿಯಾ ಪೆನ್ನನ್ನು ಬಿಗಿಯಾಗಿ ಹಿಡಿದು ಕಾರ್ಡಿನ ಕೊನೆಯ ಸಾಲಿನಲ್ಲಿ ‘ಶಾಶ್ವತ’ ಎಂದು ಬರೆದು, ಮಸಿ ಆರುವವರೆಗೆ ಅದನ್ನೇ ನೋಡುತ್ತ ಕುಳಿತಳು.