ಒಸಾಕಾದಲ್ಲಿ ಹಿಂದಿರುಗಿಸಿದ ಬಟ್ಟಲು

ಒಸಾಕಾಕ್ಕೆ ಬಂದ ಹನ್ನೊಂದನೆಯ ದಿನ ಕಾಗದದ ಗೋಡೆಯಾಚೆಯಿಂದ ಒಣಮೆಣಸಿನಕಾಯಿಯ ಘಾಟು ಬಂದು ಸೀನಿದೆ. ಆ ಊರಿನಲ್ಲಿ ಅನ್ನವಿತ್ತು, ಉಪ್ಪಿತ್ತು, ಹುಳಿಯಿತ್ತು. ಖಾರ ಮಾತ್ರ ಕಂಡಿರಲಿಲ್ಲ.

ಸಂಡೂರಿನ ಮ್ಯಾಂಗನೀಸ್ ಅದಿರು ಹಡಗೇರಿ ಜಪಾನಿಗೆ ಹೋಗುತ್ತಿದ್ದ ಕಾಲವದು. ಹೊಸಪೇಟೆಯಲ್ಲಿ ಹೈಸ್ಕೂಲು ಮುಗಿಸಿ ಇಂಗ್ಲಿಷಿನಲ್ಲಿ ಪತ್ರ ಬರೆಯಬಲ್ಲವನಾಗಿದ್ದ ನನ್ನನ್ನು ವ್ಯಾಪಾರಿಯೊಬ್ಬರು ಗುಮಾಸ್ತನಾಗಿ ಕಳಿಸಿದ್ದರು. ಪರದೇಶಿಗೆ ಬಾಡಿಗೆ ಕೋಣೆ ಸಿಗುವುದು ಕಷ್ಟ. ಹತ್ತು ದಿನ ಅಲೆದ ಮೇಲೆ ವಿಧವೆಯೊಬ್ಬಳು ತನ್ನ ಮಹಡಿಯಲ್ಲಿ ಜಾಗ ಕೊಟ್ಟಿದ್ದಳು.

ಪಕ್ಕದ ಕೋಣೆಯ ಹಾರುಕೊ ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು; ಅಕ್ಕ ಎಂದೇ ಕರೆದೆ. ನನ್ನ ಸೀನು ಕೇಳಿ ಮರುದಿನ ಮುಚ್ಚಳದ ಬಟ್ಟಲೊಂದನ್ನು ತಂದುಕೊಟ್ಟಳು. ಎಲೆಕೋಸಿನಂಥ ಸೊಪ್ಪಿಗೆ ಖಾರ, ಬೆಳ್ಳುಳ್ಳಿ, ಮೀನಿನ ಉಪ್ಪುನೀರು ಬೆರೆಸಿ ಹುಳಿಬರಿಸಿದ್ದು, ಕಿಮ್ಚಿ ಎಂದಳು. ನಮ್ಮದು ಈರುಳ್ಳಿ ಬೆಳ್ಳುಳ್ಳಿಯೂ ಒಳಗೆ ಬಾರದ ವೈಷ್ಣವರ ಮನೆ. ಗೊತ್ತಿದ್ದೇ ತಿಂದೆ, ಬಟ್ಟಲು ಬರಿದಾಗುವವರೆಗೆ.

ಅರೆಬರೆ ಜಪಾನಿಯಲ್ಲೂ ಕೈಸನ್ನೆಯಲ್ಲೂ ತಿಳಿದುಕೊಂಡ ಅಲ್ಲಿಯವರ ಮಾತನ್ನು ನಮ್ಮ ಕಡೆಯ ಮಾತಿಗೆ ತಂದು ಬರೆಯುತ್ತೇನೆ. "ಮನಿಯಾಕಿ ಮೂಗಿಗೆ ಮಾತ್ರ ಬೀಳಬಾರ್ದು ನೋಡಪ್ಪಾ" ಎಂದಿದ್ದಳು. ನನಗದು ಹೊಸದೆನಿಸಲಿಲ್ಲ. ಹೊಸಪೇಟೆಯಲ್ಲಿ ನಮ್ಮ ಬಾಡಿಗೆಯವರು ಅಮ್ಮ ಗುಡಿಗೆ ಹೋದಾಗ ಈರುಳ್ಳಿ ಹುರಿಯುತ್ತಿದ್ದರು; ಅಮ್ಮ ತಿಳಿದೂ ಸುಮ್ಮನಿರುತ್ತಿದ್ದಳು. ಇದೂ ಅಷ್ಟೇ ಎಂದುಕೊಂಡೆ.

ನೆರೆಯವರ ಬಟ್ಟಲನ್ನು ಬರಿದೇ ಹಿಂದಿರುಗಿಸುವುದು ನಮ್ಮಲ್ಲಿಲ್ಲ. ಅದನ್ನು ತೊಳೆದು, ಕಂಪ್ಲಿಯಿಂದ ತಂದಿದ್ದ ಬೆಲ್ಲ ತುಂಬಿ, ಬೆಳಗಿನ ಊಟಕ್ಕೆ ಎಲ್ಲರೂ ಕೆಳಗೆ ಕೂತಿದ್ದಾಗ ಎರಡೂ ಕೈಯಿಂದ ಹಾರುಕೊಗೆ ಕೊಟ್ಟೆ. ಅವಳ ಮುಖ ಬಿಳಿಚಿತು. ಮನೆಯೊಡತಿ ಕೈಚಾಚಿ ಮುಚ್ಚಳ ತೆಗೆದುಕೊಂಡು ಮೂಸಿದಳು. ಬೆಳ್ಳುಳ್ಳಿಯ ವಾಸನೆ ಒಂದು ತೊಳೆತಕ್ಕೆ ಹೋಗುವುದಿಲ್ಲವೆಂದು ಬೆಳ್ಳುಳ್ಳಿ ಕಾಣದ ಮನೆಯವನಿಗೆ ತಿಳಿದಿರಲಿಲ್ಲ.

"ಇದು ಕೊರಿಯಾದವರ ತಿನಿಸು. ನಿಂದೋ, ಆಕೀದೋ?" ಎಂದು ನನ್ನನ್ನು ಕೇಳಿದಳು.

ಕೊರಿಯಾದವರಿಗೆ ಆ ಬೀದಿಯಲ್ಲಿ ಮನೆ ಕೊಡುತ್ತಿರಲಿಲ್ಲ. ಹಾರುಕೊ ಜಪಾನಿನವಳೆಂದು ಹೇಳಿಕೊಂಡು ಸೇರಿದ್ದಳೆಂದು ನನಗೆ ಆಗ ಹೊಳೆಯಿತು. ನನ್ನದು ಎಂದಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತೇನೋ. ಇಲ್ಲವೇ ನನ್ನ ಕೋಣೆ ಹೋಗುತ್ತಿತ್ತು. ಆ ಹತ್ತು ದಿನದ ಅಲೆದಾಟ ನೆನಪಾಯಿತು.

"ಆಕೀದು" ಎಂದೆ.

ಮರುದಿನವೇ ಅವಳು ಗಂಟು ಕಟ್ಟಿದಳು. ಮೆಟ್ಟಿಲ ಬಳಿ ನಿಂತು, "ಬೆಲ್ಲ ಚಲೋ ಇತ್ತು, ತಮ್ಮಾ. ನನ್ನ ಹೆಸ್ರು ಸುನಿ. ಹಾರುಕೊ ಅಲ್ಲ" ಎಂದಳು. ಎಲ್ಲಿಗೆ ಹೋಗುತ್ತೀ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅದೇ ಕೋಣೆಯಲ್ಲಿ ನಾಲ್ಕು ವರ್ಷ ಇದ್ದೆ. ಭಾಷೆ ಕಲಿತೆ, ಕಡ್ಡಿಯಲ್ಲಿ ಅನ್ನ ತಿನ್ನುವುದನ್ನೂ ಕಲಿತೆ.

ಹೊಸಪೇಟೆಗೆ ಮರಳಿದಾಗ, ಸಮುದ್ರ ದಾಟಿದವನನ್ನು ಪಂಕ್ತಿಯಲ್ಲಿ ಕೂರಿಸಬೇಕೋ ಬೇಡವೋ ಎಂದು ನೆಂಟರು ಸೇರಿದರು. ದೊಡ್ಡಪ್ಪ ಎಲ್ಲರೆದುರು ಕೇಳಿದರು: "ಅಲ್ಲಿ ಏನೇನ್ ತಿಂದ್ಯೋ? ಖರೇ ಹೇಳು."

"ಅನ್ನ, ಹಾಲು, ಹಣ್ಣು ಅಷ್ಟ, ದೊಡ್ಡಪ್ಪಾ."

ನನಗೆ ಎಲೆ ಹಾಕಿದರು. ಅಲ್ಲಗಳೆಯಬಲ್ಲವಳು ಒಬ್ಬಳೇ, ಅವಳು ಅಲ್ಲಿರಲಿಲ್ಲ. ಇದ್ದಿದ್ದರೂ ನನ್ನನ್ನು ತೋರಿಸಿಕೊಡುತ್ತಿರಲಿಲ್ಲವೆಂದು ಬಲ್ಲೆ. ಈಗ ಎಪ್ಪತ್ತು ದಾಟಿದೆ. ಆ ಕೋಣೆ ನನಗೆ ನಿಜ ಹೇಳಿದ್ದರಿಂದ ಉಳಿಯಿತು, ಈ ಪಂಕ್ತಿ ಸುಳ್ಳು ಹೇಳಿದ್ದರಿಂದ; ಎರಡೂ ಕಡೆ ಬಾಡಿಗೆಯವನ ಹಾಗೆಯೇ ಉಂಡಿದ್ದೇನೆ.