ಹಿಮದ ಗೂಡಿನ ಕಿಂಡಿ

ಮುಂಬೈ ಬಳಿಯ ಕಲ್ಯಾಣ ಸ್ಟೇಷನ್ನು, ಮೇ ತಿಂಗಳ ಸುಡು ಮಧ್ಯಾಹ್ನ. ಬೆಂಚಿನಲ್ಲಿ ನನ್ನ ಪಕ್ಕ ಬಿಜಾಪುರದ ಸೈನಿಕನೊಬ್ಬ ಕೂತಿದ್ದ. ರಜೆ ಮುಗಿಸಿ ಹಿಮದ ಗಡಿಗೆ ಹೊರಟವನನ್ನು ಕಳಿಸಲು ಹೆಂಡತಿ ಕೂಸನ್ನೆತ್ತಿಕೊಂಡು ಹತ್ತಿರದ ದಿವಾದ ಮನೆಯಿಂದ ಬಂದಿದ್ದಳು.

ಹಿಮದಲ್ಲಿ ಹೇಗೆ ಮಲಗುತ್ತೀರಿ ಎಂದು ಕೇಳಿದೆ.

"ಹಿಮಾನ ಕೊರದು ಒಳಗ ಇರತೀವ್ರಿ. ಗಾಳಿ ಬಡಿಯಂಗಿಲ್ಲ, ನಮ್ಮ ಮೈ ಕಾವು ಹೊರಗ ಹೋಗಂಗಿಲ್ಲ. ಬೆಚ್ಚಗ ಇರತದ. ಆದ್ರ ಹಿಮ ಬಿದ್ದು ಉಸಿರಾಡೋ ಕಿಂಡಿ ಮುಚ್ಚಬಾರದು. ಒಬ್ಬಾವ ಎಚ್ಚರಿದ್ದು ಅದನ್ನ ಕೋಲಿಲೆ ತಿವಕೋತ ಕುಂದ್ರಬೇಕು."

"ಮುಚ್ಚಿದರೆ?"

ಅವನು ಹಳಿಗಳ ಕಡೆ ನೋಡಿದ. "ಒಂದ ರಾತ್ರಿ ಪಾಳಿ ನಂದಿತ್ರಿ. ಜೋಂಪು ಹತ್ತಿತು. ಬೆಚ್ಚಗ ಮಲಗಿದ್ದ ದೋಸ್ತ ಏಳಲಿಲ್ಲ."

ನೊಣ ಕೂರದಿರಲೆಂದು ಹೆಂಡತಿ ಮಲಗಿದ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು. ಅವನು ಒಂದು ಬೆರಳಿನಿಂದ ಸೆರಗಿನಂಚನ್ನು ಮೆಲ್ಲನೆ ಎತ್ತಿ, ರೈಲು ಬರುವವರೆಗೂ ಹಾಗೆಯೇ ಹಿಡಿದುಕೊಂಡಿದ್ದ.